ಸೆರೆಯೊಳಗಿನ ವ್ಯಸನಮುಕ್ತಿ ಮತ್ತು ಸ್ವಾಸ್ಥ್ಯ: ಮಲೆನಾಡಿನ ಕಡೆಯಿಂದ ಒಂದು ವಿವೇಚನೆ

ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೊರಟವರಿಗೆ ಭೈರುಂಬೆ ಪರಿಚಿತ ಊರು. ಶಾಲ್ಮಲೆಯ ಸಹಸ್ರಲಿಂಗವನ್ನು ನೋಡಲು ಬರುವವರೂ ಈ ಸೀಮೆಯನ್ನು ಹಾದೇ ಹೋಗುತ್ತಾರೆ. ಇಲ್ಲಿ ಅಡಿಕೆ ಕೊಯ್ಲಿನ ಕಾಲವೆಂದರೆ ಮಾತಿನ ಕಾಲವೂ ಹೌದು. ಹಗಲು ಕೊಯ್ದ ಕೊನೆಯನ್ನು ರಾತ್ರಿ ಚಪ್ಪರದಲ್ಲಿ ಸುಲಿಯುತ್ತ ಕುಳಿತಾಗ ಊರಿನ ಸುದ್ದಿಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ. ಅಂಥ ಒಂದು ಕೂಟದಲ್ಲಿ ಕೇಳಿದ ಮಾತು ಈ ಲೇಖನಕ್ಕೆ ನಿಮಿತ್ತವಾಯಿತು. ಯಾವುದೋ ಜಗಳದ ಪ್ರಕರಣದಲ್ಲಿ ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ ಒಬ್ಬನ ಬಗ್ಗೆ ಹಿರಿಯರೊಬ್ಬರು ಹೇಳಿದರು: “ಒಳಗಿದ್ದಾಗ ಬಿಟ್ಟಿದ್ನಡ, ಹೆರಗೆ ಬಂದ ದಿನವೇ ಸುರು ಮಾಡಿದ್ನಡ.” ಹವ್ಯಕ ಕನ್ನಡದ ‘ಅಡ’ ಎಂಬ ಪ್ರತ್ಯಯವು ಅದು ಕೇಳಿದ ಮಾತೆಂಬುದನ್ನು ಸೂಚಿಸುತ್ತದೆ. ಕೇಳಿದವರೆಲ್ಲ ತಲೆದೂಗಿದರು. ಅವನ ಹಣೆಬರಹ ಎಂದರು ಕೆಲವರು, ಮನಸ್ಸು ಗಟ್ಟಿಯಿಲ್ಲ ಎಂದರು ಉಳಿದವರು.

ಆ ವಾಕ್ಯದಲ್ಲಿ ಒಂದು ತಪ್ಪಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಆತ ಒಳಗಿದ್ದಾಗ ಕುಡಿತವನ್ನು ಬಿಟ್ಟಿರಲಿಲ್ಲ, ಅವನಿಗೆ ಅದು ಸಿಕ್ಕಿರಲಿಲ್ಲ. ಸಿಗದಿರುವುದಕ್ಕೂ ಬಿಡುವುದಕ್ಕೂ ನಡುವೆ ಇರುವ ಅಂತರವೇ ಸೆರೆಮನೆಯೊಳಗಿನ ವ್ಯಸನಮುಕ್ತಿ ಚಿಕಿತ್ಸೆಯ ಕ್ಷೇತ್ರ. ಯೋಗ, ಧ್ಯಾನ, ನಾಟಕ, ತೋಟಗಾರಿಕೆ, ಸಂಗೀತ ಮೊದಲಾದ ಸ್ವಾಸ್ಥ್ಯ ಕಾರ್ಯಕ್ರಮಗಳು ಈ ಅಂತರವನ್ನು ಎಷ್ಟರಮಟ್ಟಿಗೆ ತುಂಬಬಲ್ಲವು, ಎಲ್ಲಿ ಸೋಲುತ್ತವೆ ಎಂಬುದನ್ನು ಕರ್ನಾಟಕದ ಸಂದರ್ಭವನ್ನು ಮುಖ್ಯವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಜೈಲು ಎಂಬ ಪದಕ್ಕೆ ಉತ್ತರ ಕನ್ನಡದಲ್ಲಿ ಬೇರೊಂದು ನೆನಪೂ ಅಂಟಿಕೊಂಡಿದೆ. 1930ರ ದಶಕದ ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ, ಶಿರಸಿ, ಅಂಕೋಲೆಗಳಿಂದ ನೂರಾರು ಜನ ಸೆರೆಗೆ ಹೋದರು. ಹೆಂಡದಂಗಡಿಗಳ ಮುಂದೆ ನಡೆದ ಪಿಕೆಟಿಂಗ್ ಕೂಡ ಆ ಹೋರಾಟದ ಭಾಗವಾಗಿತ್ತು. ‘ಜೈಲಿಗೆ ಹೋಗಿ ಬಂದವರು’ ಎಂಬುದು ಆಗ ಗೌರವದ ವಿಶೇಷಣ. ಮುಂದೆ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಷ್ಟು ಕಾಲ, ಅಂದರೆ 1956ರ ನವೆಂಬರ್ 1ರವರೆಗೆ, 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಕುಡಿಯುವುದೇ ಶಿಕ್ಷಾರ್ಹವಾಗಿತ್ತು. ಕುಡಿತವನ್ನು ವಿರೋಧಿಸಿದವರು ಒಂದು ಕಾಲದಲ್ಲಿ ಸೆರೆಗೆ ಹೋದರು, ಕುಡಿದವರು ಇನ್ನೊಂದು ಕಾಲದಲ್ಲಿ ಹೋದರು. ಕುಡಿತವನ್ನು ರೋಗವೆಂದು ಕಂಡು ಸೆರೆಯಲ್ಲೇ ಚಿಕಿತ್ಸೆ ಕೊಡುವ ವಿಚಾರ ಈ ಎರಡೂ ಕಾಲಗಳಲ್ಲಿ ಮುಖ್ಯವಾಗಿ ಕಾಣಿಸಿಕೊಳ್ಳಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದರೂ ವ್ಯಸನ ಹೋಗಲಿಲ್ಲ. ಅದು ಬೇರೆ ಬಾಟಲಿಗೆ ದಾಟಿಕೊಂಡಿತು ಎನ್ನುವುದನ್ನು ಹಳ್ಳಿಯಲ್ಲಿರುವ ಯಾರೂ ಹೇಳಬಲ್ಲರು.

ಮೊದಲ ನಾಲ್ಕು ದಿನಗಳು

ಸ್ವಾಸ್ಥ್ಯದ ಮಾತಿಗೆ ಮೊದಲು ಪ್ರಾಣದ ಮಾತನ್ನು ಆಡಬೇಕಾಗುತ್ತದೆ. ಹಲವು ವರ್ಷ ದಿನವೂ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದವನನ್ನು ಪೊಲೀಸರು ಬಂಧಿಸಿದ ಕ್ಷಣದಿಂದಲೇ ಅವನ ಶರೀರದಲ್ಲಿ ಒಂದು ಗಡಿಯಾರ ಓಡತೊಡಗುತ್ತದೆ. ಮದ್ಯವು ಮಿದುಳನ್ನು ಮಂದಗೊಳಿಸುವ ದ್ರವ್ಯ. ಆ ಮಂದತೆಯನ್ನು ಸರಿದೂಗಿಸಲು ಮಿದುಳು ವರ್ಷಗಟ್ಟಲೆ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಏಕಾಏಕಿ ನಿಂತಾಗ ಆ ಉದ್ರೇಕ ಮಾತ್ರ ಉಳಿಯುತ್ತದೆ. ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕೈನಡುಕ, ಬೆವರು, ನಿದ್ರೆಯಿಲ್ಲದಿರುವಿಕೆ ಆರಂಭವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಕಾಣಿಸಿಕೊಳ್ಳಬಹುದು. ಇಲ್ಲದ ಹುಳುಗಳು ಮೈಮೇಲೆ ಹರಿದಾಡಿದಂತೆ, ಯಾರೋ ಕೊಲ್ಲಲು ಬಂದಂತೆ ಕಾಣುತ್ತದೆ. ಜ್ವರ ಏರುತ್ತದೆ, ನಾಡಿ ಓಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದು ಸಾವಿನಲ್ಲಿ ಕೊನೆಗಾಣಬಹುದು.

ಈ ಅವಸ್ಥೆಯನ್ನು ಜೈಲಿನ ಸಿಬ್ಬಂದಿ ‘ನಾಟಕ’ ಎಂದೋ ‘ಹುಚ್ಚು’ ಎಂದೋ ತಿಳಿಯುವ ಸಂಭವ ಇದೆ. ಹೊಸದಾಗಿ ಬಂದವನೊಬ್ಬ ರಾತ್ರಿ ಕಿರುಚಾಡಿದರೆ ಅವನನ್ನು ಸುಮ್ಮನಾಗಿಸುವುದೇ ಕಾವಲುಗಾರನಿಗೆ ತೋಚುವ ಮೊದಲ ಕೆಲಸ. ವಾಸ್ತವದಲ್ಲಿ ಇದನ್ನು ತಡೆಯುವ ಔಷಧಗಳು ದುಬಾರಿಯವೂ ಅಲ್ಲ, ಅಪರೂಪದವೂ ಅಲ್ಲ. ಬೆಂಜೋಡಯಾಜೆಪೀನ್ ಗುಂಪಿನ ಶಾಮಕಗಳನ್ನು ಕ್ರಮವಾಗಿ ಇಳಿಸುತ್ತ ಕೊಡುವುದು, ಅದರ ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗಬಹುದೆಂಬುದು ವೈದ್ಯಶಾಸ್ತ್ರದ ಪ್ರಾಥಮಿಕ ಪಾಠ. ಜೈಲಿಗೆ ಬಂದ ದಿನವೇ “ಕೊನೆಯ ಸಲ ಕುಡಿದದ್ದು ಯಾವಾಗ? ದಿನಕ್ಕೆ ಎಷ್ಟು? ಹಿಂದೆ ಬಿಟ್ಟಾಗ ಸೆಳೆತ ಬಂದಿತ್ತೆ?” ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆದಿಟ್ಟುಕೊಳ್ಳುವ ಪದ್ಧತಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಈ ಮೂರು ಪ್ರಶ್ನೆಗಳಿಲ್ಲದ ಕಡೆ ಯೋಗ ಶಿಬಿರವನ್ನು ಎಷ್ಟು ಅಚ್ಚುಕಟ್ಟಾಗಿ ನಡೆಸಿದರೂ ಅದು ಬುಡವಿಲ್ಲದ ಮನೆಗೆ ಹೆಂಚು ಹೊದೆಸಿದಂತಾಗುತ್ತದೆ.

ಈ ಸಮಸ್ಯೆ ಎಷ್ಟು ವ್ಯಾಪಕವಾದುದು ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಮಹತ್ವದ ಅಧ್ಯಯನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸುರೇಶ್ ಬಡಾ ಮಠ, ಪ್ರತಿಮಾ ಮೂರ್ತಿ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರ ಪ್ರಕಾರ ಶೇಕಡಾ 79.6ರಷ್ಟು ಬಂದಿಗಳಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು ಬಳಕೆಯ ಸಮಸ್ಯೆ ಇತ್ತು. ಮಾದಕ ವಸ್ತುಗಳ ಬಳಕೆಯನ್ನು ಲೆಕ್ಕದಿಂದ ತೆಗೆದಾಗ ಈ ಪ್ರಮಾಣ ಶೇಕಡಾ 27.6ಕ್ಕೆ ಇಳಿಯಿತು. ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ಪರೀಕ್ಷಿಸಲ್ಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇರೆ ಯಾವ ಮಾನಸಿಕ ಕಾಯಿಲೆಯೂ ಇಲ್ಲದೆ, ವ್ಯಸನದ ಕಾರಣದಿಂದ ಮಾತ್ರವೇ ಈ ಪಟ್ಟಿಗೆ ಸೇರಿದವರು. ಜೈಲಿನ ಹೊರಗಿನ ಚಿತ್ರವೂ ಆಶಾದಾಯಕವಾಗಿಲ್ಲ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು ಮಾತ್ರ.

ವಸತಿ ಚಿಕಿತ್ಸೆಯ ಸ್ವರೂಪ

ವಸತಿ ಚಿಕಿತ್ಸೆಯೆಂದರೆ ವ್ಯಸನಿಯು ತನ್ನ ದಿನಚರಿಯ ಪರಿಸರವನ್ನು ಬಿಟ್ಟು, ಚಿಕಿತ್ಸೆಗೆಂದೇ ರೂಪಿಸಿದ ಸಮುದಾಯವೊಂದರಲ್ಲಿ ಹಲವು ತಿಂಗಳು ಬದುಕುವುದು. ಜೈಲು ಕೂಡ ಒಂದು ವಸತಿಯೇ ಅಲ್ಲವೆ ಎಂಬ ಪ್ರಶ್ನೆ ಸಹಜ. ಆದರೆ ಸಾಮಾನ್ಯ ಬ್ಯಾರಕ್ಕಿನಲ್ಲಿ ಸಮಯವನ್ನು ಕಳೆಯಬೇಕು, ಚಿಕಿತ್ಸಾ ಸಮುದಾಯದಲ್ಲಿ ಸಮಯವನ್ನು ಬಳಸಬೇಕು. ಎದ್ದ ಗಳಿಗೆಯಿಂದ ಮಲಗುವವರೆಗೆ ಅಡುಗೆ, ಸ್ವಚ್ಛತೆ, ತೋಟ, ಬೆಳಗಿನ ಸಭೆ, ಗುಂಪು ಮಾತುಕತೆ, ವ್ಯಾಯಾಮ ಎಲ್ಲವನ್ನೂ ಅಲ್ಲಿಯವರೇ ಹಂಚಿಕೊಂಡು ನಡೆಸುತ್ತಾರೆ. ಮೊದಲು ಬಂದವನು ಅನಂತರ ಬಂದವನಿಗೆ ಹೇಳಿಕೊಡುತ್ತಾನೆ. ನಿದ್ರೆ, ಹಸಿವು, ಕೆಲಸ, ಮಾತು ಈ ನಾಲ್ಕೂ ವ್ಯಸನದಲ್ಲಿ ತಾಳ ತಪ್ಪಿರುತ್ತವೆ, ಅವುಗಳನ್ನು ಮತ್ತೆ ತಾಳಕ್ಕೆ ತರುವುದು ಇಲ್ಲಿನ ಉದ್ದೇಶ. ‘ಸ್ವಾಸ್ಥ್ಯ’ ಎಂಬ ಪದವನ್ನು ಈ ಲೇಖನದಲ್ಲಿ ಇದೇ ಅರ್ಥದಲ್ಲಿ ಬಳಸಲಾಗಿದೆ.

ಅಮೆರಿಕದಲ್ಲಿ ಇದರ ಪ್ರಯೋಗ ಬಹಳ ಹಿಂದೆ ನಡೆಯಿತು. 1935ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್ ಬಳಿ ಸಾವಿರ ಎಕರೆಯ ಜಮೀನಿನಲ್ಲಿ ಒಂದು ‘ನಾರ್ಕೋಟಿಕ್ ಫಾರ್ಮ್’ ತೆರೆಯಿತು. ಅದು ಅರ್ಧ ಆಸ್ಪತ್ರೆ, ಅರ್ಧ ಜೈಲು. ಶಿಕ್ಷೆಗೊಳಗಾದವರೂ ತಾವಾಗಿ ಬಂದವರೂ ಅಲ್ಲಿ ಹೊಲದಲ್ಲಿ ದುಡಿದು, ಹೈನುಗಾರಿಕೆ ಮಾಡಿ, ಸಂಗೀತ ನುಡಿಸಿ ಗುಣಮುಖರಾಗುತ್ತಾರೆಂಬುದು ನಿರೀಕ್ಷೆ. ಗಾಳಿ ಬೆಳಕು ಚೆನ್ನಾಗಿತ್ತು, ಆಹಾರ ಚೆನ್ನಾಗಿತ್ತು. ಆದರೆ ಅಲ್ಲಿಂದ ಹೋದವರಲ್ಲಿ ಬಹುಪಾಲು ಜನ ಬೇಗನೆ ಹಳೆಯ ಚಟಕ್ಕೆ ಮರಳಿದರೆಂದು ಅನಂತರದ ಅಧ್ಯಯನಗಳು ತೋರಿಸಿದವು. ಈ ವೈಫಲ್ಯವನ್ನು ಮರೆಯದಿರುವುದು ಒಳ್ಳೆಯದು. ಒಳ್ಳೆಯ ಪರಿಸರದಲ್ಲಿ ಒಳ್ಳೆಯವನಾಗಿರುವ ಮನುಷ್ಯ ಹಳೆಯ ಬೀದಿಗೆ ಮರಳಿದಾಗ ಆ ಪರಿಸರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಾರ.

1994ರ ಅಪರಾಧ ನಿಯಂತ್ರಣ ಕಾಯಿದೆಯ ಮೂಲಕ ಆ ದೇಶವು ರಾಜ್ಯ ಕಾರಾಗೃಹಗಳಲ್ಲಿ ವಸತಿ ವ್ಯಸನಮುಕ್ತಿ ಚಿಕಿತ್ಸೆಗೆ ಪ್ರತ್ಯೇಕ ಅನುದಾನವನ್ನು ಆರಂಭಿಸಿತು. ಆರು ತಿಂಗಳಿಂದ ಒಂದು ವರ್ಷದ ಅವಧಿ, ಉಳಿದ ಬಂದಿಗಳಿಂದ ಬೇರೆಯಾದ ವಾಸ ಇದರ ಮುಖ್ಯ ಲಕ್ಷಣಗಳು. ಇಂಥ ಚಿಕಿತ್ಸೆಯ ಫಲದ ಬಗ್ಗೆ ಕ್ಯಾಲಿಫೋರ್ನಿಯಾದ ಡೊನೊವನ್ ಕಾರಾಗೃಹದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಬಿಡುಗಡೆಯಾದ ಮೂರು ವರ್ಷಗಳಲ್ಲಿ ಮತ್ತೆ ಜೈಲು ಸೇರಿದವರ ಪ್ರಮಾಣ ಚಿಕಿತ್ಸೆಯನ್ನೇ ಪಡೆಯದವರಲ್ಲಿ ಶೇಕಡಾ 75. ಜೈಲಿನೊಳಗಿನ ಚಿಕಿತ್ಸೆಯನ್ನು ಮುಗಿಸಿಯೂ ಹೊರಗಿನ ಮುಂದುವರಿಕೆಯನ್ನು ಪಡೆಯದವರಲ್ಲಿ ಅದು ಶೇಕಡಾ 79! ಒಳಗಿನ ಚಿಕಿತ್ಸೆಯ ಜೊತೆಗೆ ಹೊರಗಿನ ವಸತಿ ಚಿಕಿತ್ಸೆಯನ್ನೂ ಪೂರೈಸಿದವರಲ್ಲಿ ಮಾತ್ರ ಶೇಕಡಾ 27ಕ್ಕೆ ಇಳಿದಿತ್ತು. ಹೊರಗಿನ ಚಿಕಿತ್ಸೆಗೆ ತಾವಾಗಿ ಒಪ್ಪಿದವರು ಮೊದಲೇ ಹೆಚ್ಚು ಛಲವುಳ್ಳವರಾಗಿದ್ದಿರಬಹುದು, ಹಾಗಾಗಿ ಈ ಅಂಕಿಗಳನ್ನು ಪೂರ್ತಿಯಾಗಿ ಚಿಕಿತ್ಸೆಯ ಖಾತೆಗೆ ಜಮಾ ಮಾಡುವಂತಿಲ್ಲ. ಆದರೂ ಒಳಗಿನದು ಮಾತ್ರ ಸಾಲದೆಂಬ ಮಾತು ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಬೇರೆ ಲೆಕ್ಕ ಈ ಲೇಖಕನಿಗೆ ಸಿಕ್ಕಿಲ್ಲ.

ಜೈಪುರದಿಂದ ಸಿಯಾಟಲ್‌ವರೆಗೆ

ಧ್ಯಾನ ಹಾಗೂ ಯೋಗಗಳ ವಿಷಯದಲ್ಲಿ ಭಾರತದ ಜೈಲುಗಳು ಜಗತ್ತಿಗೆ ಕಲಿಸಿದ್ದುಂಟು. 1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹದಲ್ಲಿ ಎಸ್. ಎನ್. ಗೋಯೆಂಕಾ ಅವರು ಹತ್ತು ದಿನಗಳ ವಿಪಶ್ಯನಾ ಶಿಬಿರವನ್ನು ನಡೆಸಿದರು. ಕಿರಣ್ ಬೇಡಿಯವರು ತಿಹಾರ್ ಜೈಲಿನ ಮುಖ್ಯಸ್ಥರಾಗಿದ್ದಾಗ, 1994ರ ಏಪ್ರಿಲ್‌ನಲ್ಲಿ, ಸಾವಿರಕ್ಕೂ ಹೆಚ್ಚು ಬಂದಿಗಳು ಏಕಕಾಲಕ್ಕೆ ಅಂಥ ಶಿಬಿರದಲ್ಲಿ ಕುಳಿತರು. 1997ರಲ್ಲಿ ಅದೇ ಪದ್ಧತಿ ಅಮೆರಿಕದ ಸಿಯಾಟಲ್ ನಗರದ ಬಳಿಯ ಬಂದೀಖಾನೆಯೊಂದನ್ನು ತಲುಪಿತು. ಅಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಶಿಬಿರದಲ್ಲಿ ಕುಳಿತವರು ಬಿಡುಗಡೆಯಾದ ಮೂರು ತಿಂಗಳಲ್ಲಿ ಇತರರಿಗಿಂತ ಕಡಿಮೆ ಮದ್ಯ, ಗಾಂಜಾ ಹಾಗೂ ಕೊಕೇನ್ ಬಳಸಿದರೆಂದು ತೋರಿಸಿತು. ಇಲ್ಲಿಯೂ ಶಿಬಿರಕ್ಕೆ ಸೇರುವುದು ಬಂದಿಯ ಇಚ್ಛೆಗೆ ಬಿಟ್ಟದ್ದಾಗಿತ್ತು. ಬ್ರಿಟನ್ನಿನ ಏಳು ಜೈಲುಗಳಲ್ಲಿ ಹತ್ತು ವಾರಗಳ ಯೋಗಾಭ್ಯಾಸವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ ಬಂದಿಗಳ ಮನಃಸ್ಥಿತಿ ಸುಧಾರಿಸಿದ್ದೂ, ಆವೇಗವನ್ನು ತಡೆದುಕೊಳ್ಳುವ ಪರೀಕ್ಷೆಯಲ್ಲಿ ಅವರು ಉತ್ತಮವಾಗಿ ನಡೆದುಕೊಂಡದ್ದೂ ಕಂಡುಬಂದಿತು. ಅನಂತರದ ಸಮೀಕ್ಷೆಗಳು ಈ ಲಾಭಗಳು ನಿಜ, ಆದರೆ ಸಣ್ಣವು ಎನ್ನುತ್ತವೆ.

ಸಣ್ಣವೆಂದು ಬಿಟ್ಟುಬಿಡುವಂತಿಲ್ಲ. ಕುಡಿಯಬೇಕೆಂಬ ತೀವ್ರ ಬಯಕೆ ಅಲೆಯಂತೆ ಏರಿ, ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ ಎಂಬುದು ಚಿಕಿತ್ಸಕರ ಅನುಭವ. ಆ ಅರ್ಧ ಗಂಟೆ ಎದ್ದು ಹೋಗದೆ ಕುಳಿತಿರುವುದನ್ನು ಕಲಿತರೆ ಅದೇ ಒಂದು ಕೌಶಲ. ಉಸಿರನ್ನು ಗಮನಿಸುತ್ತ ಕುಳಿತುಕೊಳ್ಳುವ ಅಭ್ಯಾಸ ಈ ಕೌಶಲವನ್ನು ಕೊಡುತ್ತದೆ. ಆದರೆ ಅಭ್ಯಾಸ ಎಂಬ ಪದಕ್ಕೆ ಇಲ್ಲಿ ಒತ್ತು. ಜೂನ್ 21ರಂದು ಒಂದೂವರೆ ಗಂಟೆ ಆಸನ ಹಾಕಿಸಿ, ಅತಿಥಿಗಳ ಭಾಷಣ ಮುಗಿಸಿ, ಛಾಯಾಚಿತ್ರವನ್ನು ಪತ್ರಿಕೆಗೆ ಕಳಿಸಿಬಿಟ್ಟರೆ ಅದು ಕಾರ್ಯಕ್ರಮವಾಗಬಹುದು, ಚಿಕಿತ್ಸೆಯಾಗದು.

ರಂಗಭೂಮಿ ಮತ್ತು ತಾಳಮದ್ದಳೆ

ಕರ್ನಾಟಕದ ಸ್ವಂತ ಕಾಣಿಕೆಯನ್ನು ಹುಡುಕುವುದಾದರೆ ಅದು ರಂಗಭೂಮಿಯಲ್ಲಿದೆ. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು 1990ರ ದಶಕದ ಉತ್ತರಾರ್ಧದಿಂದ ರಾಜ್ಯದ ಕಾರಾಗೃಹಗಳಲ್ಲಿ ಬಂದಿಗಳಿಗೆ ನಾಟಕ ಕಲಿಸುತ್ತ ಬಂದರು. ಅವರ ‘ಸಂಕಲ್ಪ’ ತಂಡದ ಮೂಲಕ ಜೀವಾವಧಿ ಶಿಕ್ಷೆಗೊಳಗಾದವರು ಜೈಲಿನ ಗೋಡೆಯ ಹೊರಗಿನ ರಂಗಮಂದಿರಗಳಲ್ಲಿಯೂ ನಾಟಕವಾಡಿದರು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಎಚ್. ಎಸ್. ಶಿವಪ್ರಕಾಶ್ ಕನ್ನಡಕ್ಕೆ ಒಗ್ಗಿಸಿದ ‘ಮಾರನಾಯಕ’ ಅವುಗಳಲ್ಲೊಂದು. ಕೈಗೆ ಅಂಟಿದ ರಕ್ತ ತೊಳೆದರೂ ಹೋಗದ ಕಥೆಯನ್ನು ಕೊಲೆಯ ಶಿಕ್ಷೆ ಅನುಭವಿಸುತ್ತಿರುವವರು ಅಭಿನಯಿಸುವಾಗ ನಟನೆ ಎಲ್ಲಿ ಮುಗಿಯಿತು, ಬೇರೇನೋ ಎಲ್ಲಿ ಶುರುವಾಯಿತು ಎಂದು ಪ್ರೇಕ್ಷಕರು ಗೆರೆ ಎಳೆಯುವುದು ಕಷ್ಟ.

ಈ ಪ್ರಯೋಗಗಳನ್ನು ವ್ಯಸನ ಚಿಕಿತ್ಸೆಯೆಂದು ಯಾರೂ ಕರೆಯಲಿಲ್ಲ, ಅದಕ್ಕಾಗಿ ಅವನ್ನು ರೂಪಿಸಿರಲೂ ಇಲ್ಲ. ಆದರೂ ತಿಂಗಳುಗಟ್ಟಲೆ ನಡೆಯುವ ತಾಲೀಮಿನಲ್ಲಿ ಚಿಕಿತ್ಸಾ ಸಮುದಾಯದ ಹಲವು ಗುಣಗಳಿವೆ. ನಿಗದಿತ ಹೊತ್ತಿಗೆ ಬರಬೇಕು, ಮೈ ಹುಷಾರಾಗಿರಬೇಕು, ಮತ್ತೊಬ್ಬನ ಮಾತು ಮುಗಿಯುವವರೆಗೆ ಕಾಯಬೇಕು, ತನ್ನ ಸಿಟ್ಟನ್ನು ಪಾತ್ರದ ಸಿಟ್ಟಿನಿಂದ ಬೇರ್ಪಡಿಸಬೇಕು. ವ್ಯಸನಿಗೆ ಬೇಕಾದ ಕಸರತ್ತುಗಳೂ ಇವೇ.

ಇಲ್ಲಿ ನಮ್ಮ ಸೀಮೆಯ ಕಡೆಯಿಂದ ಒಂದು ಸಲಹೆಯನ್ನು ಮುಂದಿಡಲು ಓದುಗರ ಅನುಮತಿ ಕೋರುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆ ಜಗುಲಿಗಳಲ್ಲಿ ಮಳೆಗಾಲದ ರಾತ್ರಿ ನಡೆಯುವ ತಾಳಮದ್ದಳೆಗೆ ವೇಷವೂ ಬೇಡ, ರಂಗಸ್ಥಳವೂ ಬೇಡ. ಭಾಗವತರು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು ಇದ್ದರೆ ಸಾಕು. ಬ್ಯಾರಕ್ಕಿನ ನೆಲದ ಮೇಲೂ ಅದನ್ನು ನಡೆಸಬಹುದು. ಅರ್ಥಗಾರಿಕೆಯಲ್ಲಿ ಮಾತು ಬಾಯಿಪಾಠವಲ್ಲ, ಆ ಗಳಿಗೆಗೆ ಹುಟ್ಟಬೇಕಾದದ್ದು. ಪಾತ್ರ ವಹಿಸಿದವನು ತನ್ನ ಪಾತ್ರದ ನಡೆಯನ್ನು ಸಮರ್ಥಿಸಿಕೊಳ್ಳಬೇಕು, ಎದುರಾಳಿ ಅದನ್ನು ಒಡೆಯಬೇಕು. ಸೋಲುತ್ತಿದ್ದೇನೆಂದು ತಿಳಿದೂ ದಾಳ ಕೆಳಗಿಡಲಾರದ ನಳ, ಕರೆ ಬಂದಾಗ ದ್ಯೂತಕ್ಕೆ ಹೋಗದಿರಲಾರದ ಧರ್ಮರಾಯ, ಇವರು ವ್ಯಸನದ ಸ್ವರೂಪವನ್ನು ಬಲ್ಲ ಪಾತ್ರಗಳು. ಪುರಾಣಗಳು ದ್ಯೂತವನ್ನೂ ಪಾನವನ್ನೂ ಒಂದೇ ವ್ಯಸನಗಳ ಪಟ್ಟಿಯಲ್ಲಿ ಇಟ್ಟಿವೆ. “ನೀನೇಕೆ ಕುಡಿದೆ?” ಎಂದು ಆಪ್ತಸಮಾಲೋಚಕರು ಕೇಳಿದಾಗ ತಲೆ ತಗ್ಗಿಸುವ ಮನುಷ್ಯ, “ಧರ್ಮಜ್ಞನೆನಿಸಿಕೊಂಡ ನೀನು ಎರಡನೆಯ ಸಲವೂ ಏಕೆ ಆಡಿದೆ?” ಎಂದು ಶಕುನಿಯೋ ಭೀಮನೋ ಕೇಳಿದಾಗ ಧರ್ಮರಾಯನಾಗಿ ಉತ್ತರಿಸಿಯಾನು. ಆ ಉತ್ತರದಲ್ಲಿ ಅವನ ಸ್ವಂತದ್ದು ಸ್ವಲ್ಪ ಬೆರೆಯದೆ ಇರದು. ಇದು ಪ್ರಯೋಗಕ್ಕೆ ಒಳಪಟ್ಟ ಸಿದ್ಧಾಂತವಲ್ಲ, ಕಲೆಯನ್ನು ಬಲ್ಲವರೂ ಮನೋವೈದ್ಯರೂ ಕೂಡಿ ಪರೀಕ್ಷಿಸಬಹುದಾದ ಒಂದು ಸಾಧ್ಯತೆ ಮಾತ್ರ.

ಎಂಟು ದಿನದ ಶಿಬಿರ ಮತ್ತು ಅನಂತರ

ಜೈಲಿನ ಹೊರಗೆ ಕನ್ನಡ ನಾಡಿನಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆದಿರುವ ವಸತಿ ಪ್ರಯತ್ನವೆಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೊಂದಿಗೆ ಸೇರಿ ಜನಜಾಗೃತಿ ವೇದಿಕೆಯು 1990ರ ದಶಕದಿಂದ ನಡೆಸುತ್ತ ಬಂದ ಮದ್ಯವರ್ಜನ ಶಿಬಿರಗಳು. ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ. ಊರಿನ ಸಭಾಭವನವೋ ಕಲ್ಯಾಣಮಂಟಪವೋ ಎಂಟು ದಿನಗಳ ಮಟ್ಟಿಗೆ ಚಿಕಿತ್ಸಾಲಯವಾಗುತ್ತದೆ. ಬೆಳಗಿನ ಯೋಗ, ಭಜನೆ, ವೈದ್ಯರ ತಪಾಸಣೆ, ಗುಂಪು ಸಮಾಲೋಚನೆ, ಕುಟುಂಬದವರ ಭೇಟಿ ಎಲ್ಲವೂ ಇರುತ್ತದೆ. ಮದ್ಯಬಿಟ್ಟವರು ‘ನವಜೀವನ ಸಮಿತಿ’ಗಳಾಗಿ ತಮ್ಮೂರಿನಲ್ಲಿ ಸೇರುತ್ತಿರುತ್ತಾರೆ. ಎಂಟು ದಿನಗಳಲ್ಲಿ ವ್ಯಸನ ಗುಣವಾಗುತ್ತದೆಯೇ ಎಂದು ವೈದ್ಯರು ಅನುಮಾನಿಸಿದರೆ ಅದು ನ್ಯಾಯವೇ. ಆದರೆ ಇದರ ಬಲ ಎಂಟು ದಿನಗಳಲ್ಲಿಲ್ಲ, ಒಂಬತ್ತನೆಯ ದಿನದಲ್ಲಿದೆ. ಅಂದು ಮನೆಗೆ ಹೋದವನನ್ನು ವಿಚಾರಿಸಲು ಅದೇ ಊರಿನಲ್ಲಿ ಮತ್ತೊಬ್ಬನಿರುತ್ತಾನೆ.

ಕಾರಾಗೃಹದಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ದಿನಗಳಿಗೆ ಕೊರತೆಯಿಲ್ಲ, ಒಂಬತ್ತನೆಯ ದಿನವೇ ಇಲ್ಲ. ಮತ್ತೊಂದು ತೊಡಕೆಂದರೆ ದಿನಗಳ ಲೆಕ್ಕ ಮೊದಲೇ ತಿಳಿಯದಿರುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಶೇಕಡಾ 75.8ರಷ್ಟು ವಿಚಾರಣಾಧೀನರು. ನಾಳೆ ಜಾಮೀನು ಸಿಗಬಹುದು, ಎರಡು ವರ್ಷವಾದರೂ ಸಿಗದಿರಬಹುದು. ಆರು ತಿಂಗಳ ವಸತಿ ಕಾರ್ಯಕ್ರಮವನ್ನು ಇಂಥವರಿಗೆ ಹೇಗೆ ಹೊಂದಿಸುವುದು? ಜೈಲುಗಳು ಕಿಕ್ಕಿರಿದಿವೆ ಎಂಬ ಮಾತಿಗಿಂತಲೂ ಈ ಅನಿಶ್ಚಯವೇ ಚಿಕಿತ್ಸೆಗೆ ದೊಡ್ಡ ಅಡ್ಡಿಯೆಂದು ನನ್ನ ತಿಳಿವಳಿಕೆ. ಹೀಗಾಗಿ ಕಾರ್ಯಕ್ರಮವನ್ನು ಒಂದು ಉದ್ದನೆಯ ಪಠ್ಯದಂತೆ ಕಟ್ಟದೆ, ಯಾವ ದಿನ ಸೇರಿದರೂ ಯಾವ ದಿನ ಬಿಟ್ಟರೂ ಉಪಯೋಗವಾಗುವ ಬಿಡಿ ಬಿಡಿ ವಾರಗಳಾಗಿ ಕಟ್ಟಬೇಕಾಗುತ್ತದೆ.

ಕಾನೂನಿನಲ್ಲಿರುವ ದಾರಿ

ಕಾನೂನು ಈ ವಿಷಯದಲ್ಲಿ ನಾವು ತಿಳಿದಷ್ಟು ಬರಡಲ್ಲ. 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯಿದೆಯ 39ನೆಯ ಪ್ರಕರಣದಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು ನ್ಯಾಯಾಲಯವು ಅವನ ಸಮ್ಮತಿಯಿಂದ, ಮುಚ್ಚಳಿಕೆ ಬರೆಸಿಕೊಂಡು, ಜೈಲಿನ ಬದಲು ಸರ್ಕಾರದ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯ ಚಿಕಿತ್ಸೆಗೆ ಬಿಡಬಹುದು. ತಾನಾಗಿ ಚಿಕಿತ್ಸೆಗೆ ಬಂದವನಿಗೆ 64ಎ ಪ್ರಕರಣ ರಕ್ಷಣೆ ಕೊಡುತ್ತದೆ. ಆದರೆ ಮದ್ಯ ಈ ಕಾಯಿದೆಯ ವ್ಯಾಪ್ತಿಯಲ್ಲಿಲ್ಲ. ಗಾಂಜಾ ಸೇದಿದವನಿಗೆ ಇರುವ ಈ ಬಾಗಿಲು ಕುಡಿದು ಜಗಳವಾಡಿದವನಿಗೆ ಇಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ 4ನೆಯ ಪ್ರಕರಣವು ಮಾದಕ ಪದಾರ್ಥಗಳಿಂದ ದೂರವಿರಬೇಕೆಂಬ ಷರತ್ತನ್ನು ವಿಧಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ದೂರವಿರು ಎಂದು ಹೇಳುವುದು ಸುಲಭ, ಹೇಗೆ ಎಂದು ಹೇಳಿಕೊಡುವವರು ಆ ಪ್ರಕರಣದಲ್ಲಿ ಇಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಅವಸ್ಥೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದರ 103ನೆಯ ಪ್ರಕರಣ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರವನ್ನು ಸ್ಥಾಪಿಸಬೇಕೆನ್ನುತ್ತದೆ. ‘ವ್ಯಸನಮುಕ್ತಿ ಕೇಂದ್ರ’ ಎಂಬ ಫಲಕ ಹಾಕಿ ಜನರನ್ನು ಕಟ್ಟಿಹಾಕಿ ಹೊಡೆಯುವ ಖಾಸಗಿ ಜಾಗಗಳ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುವುದರಿಂದ ಈ ಕಾಯಿದೆಯ ನೋಂದಣಿ ನಿಯಮಗಳು ಕೇವಲ ಕಾಗದದ ಮಾತಲ್ಲ. ಸಮ್ಮತಿಯಿಲ್ಲದ ವಸತಿ ಚಿಕಿತ್ಸೆ ಮತ್ತೊಂದು ಸೆರೆಯಷ್ಟೆ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ‘ನೆಲ್ಸನ್ ಮಂಡೇಲಾ ನಿಯಮ’ಗಳಲ್ಲಿ 24ನೆಯದು, ಮಾದಕ ವ್ಯಸನವನ್ನೂ ಹೆಸರಿಸಿ, ಜೈಲಿನೊಳಗಿನ ಚಿಕಿತ್ಸೆ ಹೊರಗಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೊಂದಿಗೆ ಕಡಿಯದೆ ಬೆಸೆದಿರಬೇಕೆನ್ನುತ್ತದೆ.

ಬಾಗಿಲಿನ ಆಚೆ

ಈ ಬೆಸುಗೆ ಕಡಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಒಂದು ಲೆಕ್ಕವಿದೆ. ಅಲ್ಲಿನ ಜೈಲುಗಳಿಂದ ಬಿಡುಗಡೆಯಾದ 30,237 ಜನರನ್ನು ಕುರಿತ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಂಭವ ಅದೇ ವಯಸ್ಸಿನ ಇತರ ಜನರಿಗಿಂತ 12.7 ಪಟ್ಟು ಹೆಚ್ಚಾಗಿತ್ತು. ಅತಿಮಾತ್ರೆಯ ಮಾದಕ ಸೇವನೆ ಮುಖ್ಯ ಕಾರಣವಾಗಿತ್ತು. ತಿಂಗಳುಗಟ್ಟಲೆ ಸಿಗದೆ ಇದ್ದುದರಿಂದ ಶರೀರದ ತಾಳಿಕೆ ಇಳಿದಿರುತ್ತದೆ, ಮನಸ್ಸಿಗೆ ಮಾತ್ರ ಹಳೆಯ ಅಳತೆಯೇ ನೆನಪಿರುತ್ತದೆ. ಹೆರಾಯಿನ್ನಿನಂಥ ದ್ರವ್ಯಗಳಲ್ಲಿ ಇದು ಕೂಡಲೇ ಪ್ರಾಣಾಂತಕ. ಮಲೆನಾಡಿನಲ್ಲಿ ಪ್ರಧಾನವಾಗಿರುವ ಮದ್ಯದಲ್ಲಿ ಅಪಾಯದ ಬಗೆ ಬೇರೆ, ಆದರೂ ಹಳೆಯ ಅಳತೆಯಲ್ಲಿ ಕುಡಿದು ರಸ್ತೆಯ ಬದಿಯಲ್ಲೋ ಕೆರೆಯ ಏರಿಯಲ್ಲೋ ಬೀಳುವುದಕ್ಕೆ ಅದೂ ಸಾಕಾಗುತ್ತದೆ.

ನಮ್ಮ ಜಿಲ್ಲಾ ಕಾರಾಗೃಹವಿರುವುದು ಕಾರವಾರದಲ್ಲಿ. ದೊಡ್ಡ ಶಿಕ್ಷೆಯಾದವರು ಹಿಂಡಲಗಾದಂಥ ಕೇಂದ್ರ ಕಾರಾಗೃಹಗಳಿಗೆ ಹೋಗುತ್ತಾರೆ. ವ್ಯಸನಕ್ಕೆ ತಜ್ಞರ ಚಿಕಿತ್ಸೆ ಬೇಕೆಂದರೆ ಘಟ್ಟದ ಮೇಲಿನವರು ನಂಬುವ ದೊಡ್ಡ ಸರ್ಕಾರಿ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂಬುದನ್ನು ದೇಶಕ್ಕೆ ತೋರಿಸಿದ್ದೂ ಕರ್ನಾಟಕವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ 14416 ಎಂಬ ‘ಟೆಲಿ ಮನಸ್’ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಬಿಡಿ ಭಾಗಗಳೆಲ್ಲ ಇವೆ. ಅವುಗಳನ್ನು ಜೋಡಿಸುವ ಒಂದು ಚೀಟಿ ಮಾತ್ರ ಇಲ್ಲ. ಬಿಡುಗಡೆಗೆ ಮೊದಲೇ ಬಂದಿಯ ಒಪ್ಪಿಗೆ ಪಡೆದು, ಅವನ ಚಿಕಿತ್ಸೆಯ ವಿವರವನ್ನು ಅವನ ತಾಲೂಕು ಆಸ್ಪತ್ರೆಗೆ ತಿಳಿಸುವ ಚೀಟಿ, ಅವನ ಕೈಯಲ್ಲಿ ಹದಿನೈದು ದಿನಗಳ ಔಷಧ, ಅವನೂರಿನ ಅಥವಾ ಪಕ್ಕದೂರಿನ ಮದ್ಯಬಿಟ್ಟ ಒಬ್ಬನ ಹೆಸರು. ಇಷ್ಟಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಇಲಾಖೆಯೂ ಬೇಡ. ಚೀಟಿಯಲ್ಲಿ ಯಾವ ಅಪರಾಧವೆಂದು ಬರೆಯಬೇಕಾಗಿಲ್ಲ, ಅದು ವೈದ್ಯರಿಗೆ ಸಂಬಂಧಿಸಿದ ಸಂಗತಿಯಲ್ಲ.

ಜಾಮೀನಿನ ಆದೇಶ ನ್ಯಾಯಾಲಯದಿಂದ ಜೈಲನ್ನು ಮುಟ್ಟಿ, ಹೆಸರು ಕೂಗಿ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಾಗಿಲು ತೆರೆಯುವ ಹೊತ್ತಿಗೆ ಬಹಳ ಸಲ ಸಂಜೆಯಾಗಿರುತ್ತದೆ. ಒಳಹೋಗುವಾಗ ಕೊಟ್ಟ ಅಂಗಿ, ಸ್ವಲ್ಪ ಹಣ, ಚಾರ್ಜು ಮುಗಿದ ಮೊಬೈಲು ಅವನಿಗೆ ಮರಳಿ ಸಿಗುತ್ತವೆ. ಅಂಕೋಲೆಯ ಮೇಲಾಗಿ ಘಟ್ಟ ಹತ್ತುವ ಬಸ್ಸಿಗೆ ಕಾಯಬೇಕು. ಮನೆಯವರಿಗೆ ಸುದ್ದಿ ಮುಟ್ಟಿರುವುದಿಲ್ಲ, ಮುಟ್ಟಿದ್ದರೂ ತೋಟದ ಕೆಲಸ ಬಿಟ್ಟು ಅಷ್ಟು ದೂರ ಬರಲು ಆಗಿರುವುದಿಲ್ಲ. ಬಸ್ ನಿಲ್ದಾಣದ ಸುತ್ತ ದೀಪ ಹಚ್ಚಿಕೊಂಡು ತೆರೆದಿರುವ ಅಂಗಡಿಗಳಲ್ಲಿ ಒಂದೆರಡು ಯಾವುವೆಂದು ಅವನಿಗೆ ಗೊತ್ತು. ಬಸ್ಸಿಗೆ ಇನ್ನೂ ಒಂದು ಗಂಟೆಯಿದೆ.